ರಾಣಿಯರ ಕಾಗದಗಳಿಗೆ ಒಂದು ಮೇಜು: ಕಲಬುರಗಿಯ ರೀಡಿಂಗ್ ರೂಮೊಂದರ ವಿಮರ್ಶೆ

ಕಲಬುರಗಿಯ ಸ್ಟೇಷನ್ ರಸ್ತೆಯಿಂದ ಒಳಕ್ಕೆ ಹೊರಳುವ ಗಲ್ಲಿಯೊಂದರಲ್ಲಿ, ಔಷಧ ಅಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿರುವ ಒಂದು ರೀಡಿಂಗ್ ರೂಮಿನಲ್ಲಿ ನಾನು ಐದು ತಿಂಗಳು ಕುಳಿತು ಓದಿದ್ದೇನೆ. ತಿಂಗಳಿಗೆ 800 ರೂಪಾಯಿ ಶುಲ್ಕ. ಒಬ್ಬರಿಗೆ ಒಂದು ಮೇಜು, ಒಂದು ದೀಪ, ಒಂದು ಚಾರ್ಜಿಂಗ್ ಪಾಯಿಂಟು, ಬೀಗ ಹಾಕಬಹುದಾದ ಒಂದು ಪುಟ್ಟ ಕಪಾಟು. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಕೋಣೆಗಳು ಈಗ ನಗರದ ಬಹಳಷ್ಟು ಬಡಾವಣೆಗಳಲ್ಲಿವೆ, ಅವುಗಳ ಗುಣದೋಷಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ನಾನು ಹೇಳುವುದನ್ನು ಹಿಡಿದುಕೊಂಡು ಓದುಗರು ತಮ್ಮ ಮನೆಗೆ ಹತ್ತಿರದ ಕೋಣೆಯನ್ನು ಅಳೆದು ನೋಡಬಹುದು.

ಈ ಕೋಣೆಗಳು ಹುಟ್ಟಿಕೊಂಡಿರುವುದು ಕೆಎಎಸ್, ಪಿಎಸ್ಐ, ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಓದುವ ಮಕ್ಕಳಿಗಾಗಿ. ನಾನು ಅಲ್ಲಿಗೆ ಹೋದದ್ದು ಬೇರೆಯ ಕೆಲಸಕ್ಕೆ. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದ ಮೇಲೆ, ಯುರೋಪಿನ ರಾಜಮನೆತನಗಳ ಹೆಣ್ಣುಮಕ್ಕಳ ಬದುಕನ್ನು ಕನ್ನಡದ ವಿದ್ಯಾರ್ಥಿನಿಯರಿಗಾಗಿ ಬರೆಯಬೇಕೆಂಬ ಬಹುದಿನದ ಆಸೆಯನ್ನು ಕೈಗೆತ್ತಿಕೊಂಡೆ. ಪಠ್ಯಪುಸ್ತಕದಲ್ಲಿ ಅವರೆಲ್ಲ ಒಂದೋ ಎರಡೋ ಸಾಲಿಗೆ ಮುಗಿದುಹೋಗುತ್ತಾರೆ, ಆ ಸಾಲುಗಳನ್ನೂ ಬಹುಮಟ್ಟಿಗೆ ಅವರಿಗೆ ಆಗದವರೇ ಬರೆದಿರುತ್ತಾರೆ. ಆದ್ದರಿಂದ ಅವರ ಸ್ವಂತ ಪತ್ರಗಳನ್ನೇ ಓದಬೇಕು ಎಂದು ನಿಶ್ಚಯಿಸಿದೆ. ಕಲಬುರಗಿಯಲ್ಲಿ ಕುಳಿತು ಅದು ಸಾಧ್ಯವೇ, ಈ ಕೋಣೆ ಅದಕ್ಕೆ ಎಷ್ಟು ಒದಗಿಬಂತು ಎಂಬುದೇ ಈ ವಿಮರ್ಶೆಯ ವಿಷಯ.

ಸಾಧ್ಯ ಎಂಬ ಉತ್ತರವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯವು ತನ್ನ ಹಸ್ತಪ್ರತಿಗಳ ಚಿತ್ರಗಳನ್ನು ಗ್ಯಾಲಿಕಾ ಎಂಬ ತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಸ್ಪೇನ್ ದೇಶದ ಸರಕಾರಿ ದಾಖಲೆಗಳಿಗೆ ಪಾರೆಸ್ ಎಂಬ ತಾಣವಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಎಪಿಸ್ಟೋಲೆ ಎಂಬ ಸಂಗ್ರಹದಲ್ಲಿ 4ನೆಯ ಶತಮಾನದಿಂದ 13ನೆಯ ಶತಮಾನದವರೆಗಿನ ಹೆಣ್ಣುಮಕ್ಕಳು ಬರೆದ ಮತ್ತು ಅವರಿಗೆ ಬಂದ ಲ್ಯಾಟಿನ್ ಪತ್ರಗಳು ಇಂಗ್ಲಿಷ್ ಅನುವಾದದೊಂದಿಗೆ ದೊರೆಯುತ್ತವೆ. ಹಳೆಯ ಇಂಗ್ಲಿಷ್ ಕೈಬರಹವನ್ನು ಓದಲು ಕಲಿಸುವ ಪಾಠಗಳನ್ನು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರವೇ ಉಚಿತವಾಗಿ ಕೊಟ್ಟಿದೆ. ಕಾಗದ ಪತ್ರಗಳೆಲ್ಲ ಹೀಗೆ ತೆರೆದಿರುವಾಗ ಓದುವವರಿಗೆ ಬೇಕಾಗುವುದು ಒಂದು ಸ್ಥಿರವಾದ ಜಾಗ, ಕಡಿಯದ ವೈಫೈ, ಮತ್ತು ನಡುವೆ ಎಬ್ಬಿಸದ ನಾಲ್ಕು ತಾಸು. ಮನೆಯಲ್ಲಿ ಈ ಕೊನೆಯದು ಹೆಣ್ಣುಮಕ್ಕಳಿಗೆ ಯಾವ ವಯಸ್ಸಿನಲ್ಲಿಯೂ ಸಿಗುವುದು ಕಷ್ಟ.

ಕೋಣೆಯ ಮೌನಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಮೊಬೈಲ್ ಬಾಗಿಲಲ್ಲೇ ಸೈಲೆಂಟ್ ಆಗಬೇಕು, ಮಾತಾಡುವವರು ಮೆಟ್ಟಿಲ ಬಳಿಗೆ ಹೋಗಬೇಕು. ಈ ಎರಡು ನಿಯಮಗಳನ್ನು ಅಲ್ಲಿನ ಮೇಲ್ವಿಚಾರಕ ಹುಡುಗನು ಯಾರ ಮುಖವನ್ನೂ ನೋಡದೆ ಜಾರಿಗೆ ತರುತ್ತಾನೆ. ಏಪ್ರಿಲ್, ಮೇ ತಿಂಗಳ ಬಿಸಿಲು ನಮ್ಮ ಊರಿನಲ್ಲಿ 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತಿರುವ ಮಾತು. ಎರಡು ದೊಡ್ಡ ಕೂಲರುಗಳಿವೆ, ಕರೆಂಟ್ ಹೋದರೆ ಇನ್ವರ್ಟರಿನಲ್ಲಿ ದೀಪ ಮತ್ತು ಫ್ಯಾನು ನಡೆಯುತ್ತವೆ, ಕೂಲರ್ ಮಾತ್ರ ನಿಲ್ಲುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಿಟಕಿಯ ಸಾಲಿನಲ್ಲಿ ಕೂರುವುದು ಅಸಾಧ್ಯ. ಸೇರುವವರು ಒಳಗಿನ ಗೋಡೆಯ ಸಾಲನ್ನೇ ಕೇಳಿಕೊಳ್ಳಬೇಕು. ಕುಡಿಯುವ ನೀರು ತಣ್ಣಗಿರುತ್ತದೆ, ಬುತ್ತಿ ಉಣ್ಣಲು ಹಿಂದುಗಡೆ ಒಂದು ಮೇಜಿದೆ. ಕಡಕ್ ರೊಟ್ಟಿ ಮುರಿಯುವ ಸದ್ದು ಓದುವವರಿಗೆ ಕೇಳಿಸದಷ್ಟು ದೂರದಲ್ಲಿ ಅದನ್ನು ಇಟ್ಟಿದ್ದಾರೆ.

ಈ ಮೌನದ ಬೆಲೆ ನನಗೆ ತಿಳಿದದ್ದು ಸ್ಕಾಟ್ಲೆಂಡಿನ ರಾಣಿ ಮೇರಿಯ ಪತ್ರಗಳ ಹಿಂದೆ ಬಿದ್ದಾಗ. 1568ರಲ್ಲಿ ಇಂಗ್ಲೆಂಡಿಗೆ ಓಡಿಬಂದ ಆಕೆ, 1587ರ ಫೆಬ್ರವರಿ 8ರಂದು ತಲೆ ಕೊಡುವವರೆಗೆ ಸುಮಾರು 19 ವರ್ಷ ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ಸಾಗಿಸಲ್ಪಡುತ್ತ ಸೆರೆಯಲ್ಲಿದ್ದಳು. ಆ ವರ್ಷಗಳಲ್ಲಿ ಆಕೆ ಹೊರಗಿನವರಿಗೆ ಗುಪ್ತಲಿಪಿಯಲ್ಲಿ ಬರೆಯುತ್ತಿದ್ದಳು. ಅಂಥ 57 ಪತ್ರಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ, 16ನೆಯ ಶತಮಾನದ ಮೊದಲರ್ಧದ ಇಟಲಿಗೆ ಸಂಬಂಧಿಸಿದ ಕಾಗದಗಳೆಂಬ ತಪ್ಪು ಚೀಟಿಯ ಕೆಳಗೆ ಶತಮಾನಗಳ ಕಾಲ ಬಿದ್ದಿದ್ದವು. ಅವುಗಳನ್ನು ಬಿಡಿಸಿ 2023ರಲ್ಲಿ ಲೋಕಕ್ಕೆ ತಿಳಿಸಿದವರು ಮೂವರು: ಜಾರ್ಜ್ ಲಾಸ್ರಿ ಎಂಬ ಕಂಪ್ಯೂಟರ್ ವಿಜ್ಞಾನಿ, ನೋರ್ಬರ್ಟ್ ಬೀರ್ಮನ್ ಎಂಬ ಸಂಗೀತದ ಪ್ರಾಧ್ಯಾಪಕ, ಮತ್ತು ಸತೋಶಿ ತೊಮೊಕಿಯೊ ಎಂಬ ಪೇಟೆಂಟ್ ತಜ್ಞ. ಮೂವರಲ್ಲಿ ಯಾರದೂ ಇತಿಹಾಸ ಬರೆಯುವ ವೃತ್ತಿಯಲ್ಲ. ಪುಟದ ತುಂಬ ಬರಿಯ ಚಿಹ್ನೆಗಳು. ಭಾಷೆ ಇಟಾಲಿಯನ್ ಇರಬಹುದೆಂದು ಹೊರಟವರಿಗೆ ಅದು ಫ್ರೆಂಚ್ ಎಂದು ಗೊತ್ತಾಯಿತು. ಬರೆದವಳು ಹೆಣ್ಣು ಎಂಬುದನ್ನು ವ್ಯಾಕರಣದ ಸ್ತ್ರೀಲಿಂಗ ರೂಪಗಳು ಹೇಳಿದವು. 'ನನ್ನ ಬಿಡುಗಡೆ', 'ನನ್ನ ಮಗ' ಎಂಬ ಮಾತುಗಳು ಕಾಣಿಸಿಕೊಂಡವು. ಕೊನೆಗೆ ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ರಾಣಿಯ ಗೂಢಚಾರ ಜಾಲದ ಮುಖ್ಯಸ್ಥ ವಾಲ್ಸಿಂಗ್‌ಹ್ಯಾಮನ ಹೆಸರು ಚಿಹ್ನೆಗಳ ನಡುವಿನಿಂದ ಎದ್ದು ಬಂದಾಗ ಬರೆದಾಕೆ ಯಾರೆಂಬುದರಲ್ಲಿ ಅನುಮಾನ ಉಳಿಯಲಿಲ್ಲ. 1578ರಿಂದ 1584ರ ನಡುವಿನ ಈ ಪತ್ರಗಳಲ್ಲಿ ಹೆಚ್ಚಿನವು ಲಂಡನ್ನಿನಲ್ಲಿದ್ದ ಫ್ರೆಂಚ್ ರಾಯಭಾರಿ ಕಾಸ್ಟೆಲ್ನೋಗೆ ಬರೆದವು.

ಹೀಗೆ ಸೆರೆಮನೆಯ ಕಾವಲನ್ನೂ ದಾಟಿ ಬಂದ ಒಂದು ಹೆಣ್ಣಿನ ದನಿಯು ಕೊನೆಗೆ ಸಿಕ್ಕಿಬಿದ್ದದ್ದು ಪಟ್ಟಿ ಬರೆದವರ ಒಂದು ತಪ್ಪಿನಲ್ಲಿ. ಈ ಕಥೆಯನ್ನು ಓದಿದ ದಿನದಿಂದ ನಾನು ಯಾವ ಪಟ್ಟಿಯನ್ನೂ ಪೂರ್ತಿ ನಂಬುವುದನ್ನು ಬಿಟ್ಟಿದ್ದೇನೆ. ಒಬ್ಬ ರಾಣಿಯನ್ನು ಹುಡುಕುವಾಗ ಆಕೆಯ ಹೆಸರನ್ನು ನಾಲ್ಕಾರು ಭಾಷೆಗಳಲ್ಲಿ, ಆಕೆಯ ಗಂಡನ, ತಂದೆಯ, ಮಂತ್ರಿಯ ಮತ್ತು ರಾಯಭಾರಿಯ ಹೆಸರಿನ ಕೆಳಗೂ ನೋಡಬೇಕು. ಇಂಗ್ಲೆಂಡಿನ ರಾಜ ಎಂಟನೆಯ ಹೆನ್ರಿಯ ಮೊದಲ ಮಡದಿ ಕ್ಯಾಥರೀನ್ ಸ್ಪೇನಿನ ಕಾಗದಗಳಲ್ಲಿ ಕತಲೀನಾ ಆಗಿರುತ್ತಾಳೆ. 1384ರಲ್ಲಿ ಪೋಲೆಂಡಿನ 'ರಾಜ'ನೆಂದೇ ಪಟ್ಟವೇರಿದ ಹುಡುಗಿ ಯಾದ್ವಿಗಾ ಜರ್ಮನ್ ಬರಹಗಳಲ್ಲಿ ಹೆಡ್ವಿಗ್ ಆಗುತ್ತಾಳೆ. ಒಂದು ಮಧ್ಯಾಹ್ನವೆಲ್ಲ ಹುಡುಕಿ ಒಂದೇ ಸಾಲು ಸಿಕ್ಕಿದ ದಿನಗಳುಂಟು. ಅಂಥ ದಿನಗಳನ್ನು ಯಾರ ಕಿರಿಕಿರಿಯೂ ಇಲ್ಲದೆ ಕಳೆಯಲು ಬಿಡುವ ಜಾಗಕ್ಕೆ 800 ರೂಪಾಯಿ ಹೆಚ್ಚಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಪ್ರಿಂಟಿನ ವಿಷಯದಲ್ಲಿ ಇಷ್ಟು ಒಳ್ಳೆಯ ಮಾತನ್ನು ಹೇಳಲಾರೆ. ಕೆಳಗಿನ ಕೌಂಟರಿನಲ್ಲಿ ಪುಟಕ್ಕೆ 2 ರೂಪಾಯಿಯಂತೆ ಪ್ರಿಂಟು ಮತ್ತು ಜೆರಾಕ್ಸ್ ಮಾಡಿಕೊಡುತ್ತಾರೆ, ಸ್ಪೈರಲ್ ಬೈಂಡಿಂಗಿಗೆ ಬೇರೆ ಹಣ. ಪ್ರಶ್ನೆಪತ್ರಿಕೆಗಳಿಗೆ ಅದು ಸಾಕು. ಆದರೆ ಫ್ರಾನ್ಸಿನ ರಾಣಿ ಮರಿ ಅಂತ್ವಾನೆತ್ ತನ್ನ ಆಪ್ತ ಆಕ್ಸೆಲ್ ಫಾನ್ ಫರ್ಸೆನ್‌ಗೆ 1791-92ರಲ್ಲಿ ಬರೆದ ಪತ್ರಗಳ ಚಿತ್ರಗಳನ್ನು ನಾನು ಪ್ರಿಂಟಿಗೆ ಕೊಟ್ಟಾಗ ಕೈಗೆ ಬಂದದ್ದು ಕಪ್ಪು ಮಸಿಯ ಪಟ್ಟಿಗಳು ಮಾತ್ರ. ಆ ಪತ್ರಗಳಲ್ಲಿ ಕೆಲವು ಸಾಲುಗಳ ಮೇಲೆ ಯಾರೋ ಸುರುಳಿ ಸುರುಳಿಯಾಗಿ ಗೀಚಿ ಮೂಲವನ್ನು ಮುಚ್ಚಿದ್ದರು. ಫ್ರಾನ್ಸಿನ ವಿಜ್ಞಾನಿಗಳು ಎಕ್ಸ್-ರೇ ಕಿರಣಗಳ ನೆರವಿನಿಂದ ಎರಡು ಮಸಿಗಳಲ್ಲಿರುವ ತಾಮ್ರ ಮತ್ತು ಕಬ್ಬಿಣದ ಪ್ರಮಾಣಗಳನ್ನು ಹೋಲಿಸಿ, ಮೇಲಿನ ಮಸಿಯಿಂದ ಕೆಳಗಿನ ಮಸಿಯನ್ನು ಬೇರ್ಪಡಿಸಿದರು. ಪರೀಕ್ಷಿಸಿದ 15 ಪತ್ರಗಳ ಪೈಕಿ 8ರಲ್ಲಿ ಮುಚ್ಚಿದ ಮಾತುಗಳನ್ನು ಓದಲು ಸಾಧ್ಯವಾಯಿತು, ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಕೆಳಗಿದ್ದದ್ದು 'ಪ್ರಿಯ', 'ಹುಚ್ಚಿನಂತೆ' ಎಂಬಂಥ ಮಮತೆಯ ಮಾತುಗಳು. ಮುಚ್ಚಿದ್ದು ಶತ್ರುಗಳಲ್ಲ, ಫರ್ಸೆನ್ನನೇ. ಆತ ತನ್ನ ಪತ್ರಗಳಿಗೆ ಬಳಸಿದ ಮಸಿಯೇ ಆ ಗೀಚಿನಲ್ಲಿಯೂ ಇತ್ತು. ಕಾಗದವನ್ನು ಸುಡಲು ಮನಸ್ಸು ಬಾರದೆ, ಹಾಗೆಯೇ ಇಡಲು ಧೈರ್ಯವೂ ಸಾಲದೆ, ಆತ ನಡುವಿನ ದಾರಿಯನ್ನು ಹಿಡಿದನೆಂದು ನನಗೆ ಅನಿಸುತ್ತದೆ.

ಎರಡು ಮಸಿಗಳ ವ್ಯತ್ಯಾಸವೇ ವಿಷಯವಾಗಿರುವಾಗ ಕಪ್ಪು-ಬಿಳುಪಿನ ತೆಳು ಪ್ರಿಂಟು ಏನನ್ನು ತೋರಿಸೀತು? ಬಣ್ಣದಲ್ಲಿ, ಹೆಚ್ಚು ಸ್ಪಷ್ಟತೆಯಲ್ಲಿ ತೆಗೆದುಕೊಡಿ ಎಂದು ನಾನು ಮೊದಲೇ ಹೇಳಿದ್ದೆ. 'ಎಲ್ಲ ಒಂದೇ ಬರ್ತದ್ರೀ' ಎಂದು ಕೌಂಟರಿನವರು 40 ಪುಟ ತೆಗೆದೇಬಿಟ್ಟರು, ಹಣವನ್ನೂ ಹಿಂದಿರುಗಿಸಲಿಲ್ಲ. ಹಸ್ತಪ್ರತಿಯ ಚಿತ್ರಗಳನ್ನು ಪರದೆಯ ಮೇಲೆಯೇ ನೋಡುವುದು ಲೇಸು. ಕಾಗದ ಬೇಕೇಬೇಕೆಂದರೆ ಮೊದಲು ಒಂದೇ ಪುಟ ತೆಗೆಸಿ ಪರೀಕ್ಷಿಸಬೇಕು.

ಇದೇ ರಾಣಿಯ ಬಗ್ಗೆ ಕೋಣೆಯ ಪುಸ್ತಕದ ಕಪಾಟು ಇನ್ನೊಂದು ರೀತಿಯಲ್ಲಿ ನನ್ನನ್ನು ನೋಯಿಸಿತು. ಅಲ್ಲಿರುವುದೆಲ್ಲ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು. ಅವುಗಳಲ್ಲಿ ಒಂದರಲ್ಲಿ, ರೊಟ್ಟಿಯಿಲ್ಲದಿದ್ದರೆ ಕೇಕ್ ತಿನ್ನಲಿ ಎಂದು ಮರಿ ಅಂತ್ವಾನೆತ್ ಹೇಳಿದಳೆಂಬುದು ಸತ್ಯ ಸಂಗತಿಯಾಗಿಯೇ ಅಚ್ಚಾಗಿದೆ. ಆ ಮಾತನ್ನು ಹೆಸರಿಲ್ಲದ ಒಬ್ಬ ರಾಜಕುಮಾರಿಯ ಬಾಯಲ್ಲಿ ಇಟ್ಟವನು ರೂಸೋ, ತನ್ನ ಆತ್ಮಕಥೆಯಲ್ಲಿ. ಆ ಭಾಗವನ್ನು ಆತ ಬರೆದಾಗ 1755ರಲ್ಲಿ ಹುಟ್ಟಿದ ಈಕೆ ಇನ್ನೂ ವಿಯೆನ್ನಾದಲ್ಲಿದ್ದ ಬಾಲಕಿ, ಫ್ರಾನ್ಸಿಗೆ ಕಾಲಿಟ್ಟದ್ದು 1770ರಲ್ಲಿ. ಸಾವಿರಾರು ಮಕ್ಕಳು ಬಾಯಿಪಾಠ ಮಾಡುವ ಪುಸ್ತಕದಲ್ಲಿ ಒಬ್ಬ ಹೆಣ್ಣಿನ ಮೇಲೆ ಆಕೆ ಆಡದ ಮಾತನ್ನು ಹೊರಿಸುವುದು ಸಣ್ಣ ತಪ್ಪಲ್ಲ. ನಾನು ಆ ಪುಟದಲ್ಲಿ ಪೆನ್ಸಿಲಿನಿಂದ ಒಂದು ಟಿಪ್ಪಣಿಯನ್ನು ಬರೆದಿಟ್ಟಿದ್ದೇನೆ, ಮೇಲ್ವಿಚಾರಕನ ಒಪ್ಪಿಗೆ ಪಡೆದೇ.

ಕೋಣೆಯ ಅತ್ಯಂತ ದೊಡ್ಡ ಸೌಲಭ್ಯ ಶುಲ್ಕದ ಪಟ್ಟಿಯಲ್ಲಿ ಇಲ್ಲ. ಭೂದಾಖಲೆಗಳ ಕಚೇರಿಯಿಂದ ನಿವೃತ್ತರಾದ ಒಬ್ಬ ಹಿರಿಯರು ದಿನವೂ ಪತ್ರಿಕೆ ಓದಲು ಅಲ್ಲಿಗೆ ಬರುತ್ತಾರೆ. ಮಕ್ಕಳೆಲ್ಲ ಅವರನ್ನು ಚಾಚಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಎಲಿಜಬೆತ್ ರಾಣಿಯ ಸಾವಿನ ತಾರೀಕು ನನ್ನನ್ನು ಕಾಡುತ್ತಿದ್ದ ವಾರ ಅದು. ಆಕೆ ತೀರಿಕೊಂಡದ್ದು 1603ರ ಮಾರ್ಚ್ 24ರಂದು ಎಂದು ಪುಸ್ತಕಗಳು ಹೇಳುತ್ತವೆ, ಆ ಕಾಲದ ಇಂಗ್ಲಿಷ್ ಕಾಗದಗಳಲ್ಲಿ ಮಾತ್ರ 1602 ಎಂದಿರುತ್ತದೆ. ಇಂಗ್ಲೆಂಡಿನಲ್ಲಿ ಆಗ ಹೊಸ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ಕ್ಕೆ. ಅವರ ಲೆಕ್ಕದಲ್ಲಿ ರಾಣಿ ಹೋದದ್ದು ವರ್ಷದ ಕಟ್ಟಕಡೆಯ ದಿನ. ಅದರ ಮೇಲೆ, 1582ರಲ್ಲಿ ಪಂಚಾಂಗವನ್ನು ತಿದ್ದಿಕೊಂಡಿದ್ದ ಸ್ಪೇನ್, ಫ್ರಾನ್ಸ್ ದೇಶಗಳ ರಾಯಭಾರಿಗಳ ಪತ್ರಗಳು 10 ದಿನ ಮುಂದಿರುತ್ತವೆ. ನಾನು ತಲೆ ಹಿಡಿದು ಕುಳಿತದ್ದನ್ನು ಕಂಡು ಚಾಚಾ ಕೇಳಿದರು, ನಾನು ವಿವರಿಸಿದೆ. 'ಇದರಾಗ ಏನದ ಅಕ್ಕೋರೆ, ನಮ್ಮ ಫಸಲಿ ಇದ್ದಂಗೇ ಅದ' ಎಂದು ಅವರು ತಮ್ಮ ಚೀಲದಿಂದ ಒಂದು ಹಳೆಯ ಡೈರಿಯನ್ನು ತೆಗೆದರು. ಫಸಲಿ ಎಂದರೆ ಕಂದಾಯದ ವರ್ಷಗಣನೆ; ಹೈದರಾಬಾದ್ ಸಂಸ್ಥಾನದ ಕಾಗದಗಳಲ್ಲಿ 1358 ಫಸಲಿ ಎಂದಿದ್ದರೆ ಅದು 1948-49. ವರ್ಷದ ಆರಂಭವೂ ಬೇರೆ, ತಿಂಗಳ ಹೆಸರುಗಳೂ ಬೇರೆ. ಮೂಲದಲ್ಲಿ ಇದ್ದ ತಾರೀಕು ಒಂದು ಕಡೆ, ಹೊಂದಿಸಿದ ತಾರೀಕು ಅದರ ಪಕ್ಕದಲ್ಲಿ, ಯಾರ ಕಾಗದ ಎಂಬುದು ಮೂರನೆಯ ಕಡೆ: ಹೀಗೆ ಮೂರು ಕಾಲಮ್ಮಿನ ಪಟ್ಟಿಯನ್ನು ಇಟ್ಟುಕೊಳ್ಳದೆ ಒಂದೇ ತಾರೀಕನ್ನು ಬರೆದರೆ ಮೊಕದ್ದಮೆಯೇ ಸೋಲುತ್ತದೆ ಎಂದು ಅವರು ತಿಳಿಸಿದರು. ನನ್ನ ನೋಟ್‌ಬುಕ್ಕುಗಳೆಲ್ಲ ಈಗ ಅವರು ಹೇಳಿದ ಪದ್ಧತಿಯಲ್ಲೇ ಇವೆ.

ವಿಕ್ಟೋರಿಯಾ ರಾಣಿಯ ದಿನಚರಿಯ ವಿಷಯದಲ್ಲಿಯೂ ನೆರವಾದವರು ಅವರೇ. 13ನೆಯ ವಯಸ್ಸಿನಿಂದ 1901ರಲ್ಲಿ ಸಾಯುವವರೆಗೆ ಆಕೆ ಬರೆದ ದಿನಚರಿ ಇಂದು 141 ಸಂಪುಟಗಳಷ್ಟಿದೆ. ಆದರೆ ಅವುಗಳಲ್ಲಿ ಹೆಚ್ಚಿನವು ರಾಣಿಯ ಕೈಬರಹದವಲ್ಲ. ಕಿರಿಯ ಮಗಳು ಬೀಟ್ರಿಸ್ ತಾಯಿಯ ಇಚ್ಛೆಯಂತೆ ಪುಟ ಪುಟವನ್ನೂ ತಿದ್ದಿ ನಕಲು ಮಾಡಿ, ಮೂಲವನ್ನು ಸುಟ್ಟುಹಾಕಿದಳು. ಮಗಳ ಸೋಸುವಿಕೆ ಇಲ್ಲದೆ ಉಳಿದ ಬರಹಗಳಲ್ಲಿ ಉರ್ದು ಲಿಪಿಯವೂ ಇವೆ. 1887ರಲ್ಲಿ ಆಗ್ರಾದಿಂದ ಸೇವೆಗೆ ಬಂದ ಅಬ್ದುಲ್ ಕರೀಮನಿಂದ, 68ನೆಯ ವಯಸ್ಸಿನಲ್ಲಿ ಆಕೆ ಹಿಂದೂಸ್ತಾನಿಯನ್ನು ಕಲಿಯಲು ಆರಂಭಿಸಿ 13 ಸಂಪುಟಗಳನ್ನು ತುಂಬಿಸಿದಳು. ಅದರ ಒಂದು ಪುಟದ ಚಿತ್ರವನ್ನು ನಾನು ಚಾಚಾನವರ ಮುಂದಿಟ್ಟೆ. ಕನ್ನಡಕವನ್ನು ಒರೆಸಿಕೊಂಡು ಬಹಳ ಹೊತ್ತು ನೋಡಿದರು. 'ಇದು ನಮ್ಮ ಉರ್ದೂನೇ ಅದ ಅಕ್ಕೋರೆ. ಬರದಾಕಿ ಹೊಸದಾಗಿ ಕಲ್ತಾಕಿ, ಆದ್ರ ಮನಸ್ಸಿಟ್ಟು ಬರದಾಳ' ಎಂದರು. ನನ್ನ ಕೈಯಲ್ಲಿದ್ದ ಇಂಗ್ಲಿಷ್ ಪುಸ್ತಕಗಳಲ್ಲಿ ಈ ಮಾತು ಇರಲಿಲ್ಲ. ರಾಣಿ ಸತ್ತ ಮೇಲೆ ಕರೀಮನ ಬಳಿಯಿದ್ದ ಆಕೆಯ ಪತ್ರಗಳನ್ನು ಹೊಸ ರಾಜ ಸುಡಿಸಿದ. ಉರ್ದು, ಕನ್ನಡ, ಮರಾಠಿ, ತೆಲುಗು ಒಂದೇ ಬೀದಿಯಲ್ಲಿ ಕೇಳುವ ನಮ್ಮ ಊರಿನವರಿಗೆ ಇಂಥ ಕಾಗದಗಳ ಮೇಲೆ ಲಂಡನ್ನಿನ ಓದುಗರಿಗಿಲ್ಲದ ಒಂದು ಹಿಡಿತ ಇದೆ, ಅದನ್ನು ನಾವು ಬಳಸಿಕೊಳ್ಳಬೇಕು.

ಎಲ್ಲ ಪತ್ರವೂ ಬರೆದವರ ದನಿಯೇ ಆಗಿರುವುದಿಲ್ಲ ಎಂಬ ಎಚ್ಚರವೂ ಬೇಕು. 1193ರಲ್ಲಿ ಮಗ ರಿಚರ್ಡ್ ಸೆರೆಯಲ್ಲಿದ್ದಾಗ ಅಕ್ವಿಟೇನಿನ ಎಲೆನಾರ್ ರಾಣಿಯ ಹೆಸರಿನಲ್ಲಿ ಪೋಪನಿಗೆ ಬರೆದ ಪತ್ರದಲ್ಲಿ ಆಕೆ ತನ್ನನ್ನು 'ದೇವರ ಕೋಪದಿಂದ ಇಂಗ್ಲೆಂಡಿನ ರಾಣಿ' ಎಂದು ಕರೆದುಕೊಳ್ಳುತ್ತಾಳೆ. ಅದನ್ನು ಓದಿದಾಗ ನನ್ನ ಮೈ ಜುಮ್ಮೆಂದಿತು. ಆದರೆ ಆ ಲ್ಯಾಟಿನ್ ವಾಕ್ಯಗಳನ್ನು ಹೆಣೆದವನು ಬ್ಲಾಯಿನ ಪೀಟರ್ ಎಂಬ ಪಂಡಿತ. ಪತ್ರ ಪೋಪನಿಗೆ ತಲುಪಿತೇ, ಅದು ಬರಿಯ ಬರವಣಿಗೆಯ ಕಸರತ್ತೇ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ನಾನು ಅದನ್ನು ನನ್ನ ಬರಹದಲ್ಲಿ ಇಟ್ಟುಕೊಂಡೆ, ಬರೆದವನ ಹೆಸರಿನೊಂದಿಗೆ. ಫಾಂಟೆವ್ರೊ ಮಠದಲ್ಲಿ ಆಕೆಯ ಸಮಾಧಿಯ ಮೇಲಿನ ಶಿಲ್ಪ ಮಲಗಿಕೊಂಡೇ ಕೈಯಲ್ಲಿ ತೆರೆದ ಪುಸ್ತಕವನ್ನು ಹಿಡಿದಿದೆ. ಅದರ ಚಿತ್ರವನ್ನು ನನ್ನ ಮೇಜಿನ ಮುಂದಿನ ಹಲಗೆಗೆ ಅಂಟಿಸಿಕೊಳ್ಳಲು ಕೋಣೆಯವರು ಬೇಡವೆನ್ನಲಿಲ್ಲ.

ಯುರೋಪಿನ ಕಾಗದಗಳನ್ನು ಓದುತ್ತ ಓದುತ್ತ ನಮ್ಮ ಬೀದರಿನ ರಾಜಮಾತೆ ಮಖ್ದೂಮ-ಎ-ಜಹಾನ್ ಮತ್ತೆ ಮತ್ತೆ ನೆನಪಾಗುತ್ತಿದ್ದಳು. 1461ರಲ್ಲಿ ಹುಮಾಯೂನ್ ಶಾ ಬಹಮನಿ ಸತ್ತಾಗ ಪಟ್ಟಕ್ಕೆ ಬಂದವನು ಎಂಟು ವರ್ಷದ ಮಗ. ರಾಜ್ಯವನ್ನು ನಡೆಸಿದ್ದು ಈ ತಾಯಿ, ಖ್ವಾಜಾ ಜಹಾನ್ ತುರ್ಕ್ ಮತ್ತು ಮಹಮೂದ್ ಗವಾನ್ ಎಂಬ ಇಬ್ಬರು ಮಂತ್ರಿಗಳೊಂದಿಗೆ. ಸುಮಾರು ನೂರು ವರ್ಷದ ನಂತರ ಫ್ರಾನ್ಸಿನಲ್ಲಿ ಕ್ಯಾಥರೀನ್ ದ ಮೆದಿಚಿ ಎಳೆಯ ಮಗನ ಪರವಾಗಿ ಆಳಿದ ಹಾಗೆಯೇ. ಗವಾನನ ಪತ್ರಗಳ ಸಂಗ್ರಹ ಇಂದಿಗೂ ಇದೆ, ಆತನ ಮದರಸಾ ಬೀದರಿನಲ್ಲಿ ನಿಂತಿದೆ. ರಾಜಮಾತೆಯನ್ನಾದರೋ ನಾವು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಬರೆದ ಇತಿಹಾಸಕಾರ ಫರಿಶ್ತಾನಂಥವರ ಮಾತಿನಲ್ಲೇ ಕಾಣಬೇಕು. ಸುರಪುರದ ರಾಣಿ ಈಶ್ವರಮ್ಮನ ಕಥೆಯೂ ಇಂಥದೇ. ಆಕೆಯ ಚಿತ್ರ ನಮಗೆ ದೊರೆಯುವುದು ಹೆಚ್ಚಾಗಿ ಮೆಡೋಸ್ ಟೇಲರನ ಆತ್ಮಕಥೆಯಿಂದ, ಅಂದರೆ ಅಲ್ಲಿನ ಆಡಳಿತಕ್ಕಾಗಿ ಆಕೆಯೊಡನೆ ಸೆಣಸಿದ ಅಧಿಕಾರಿಯ ಕೈಯಿಂದ. ಮೇರಿಯನ್ನು ಬರಿಯ ವಾಲ್ಸಿಂಗ್‌ಹ್ಯಾಮನ ಕಡತಗಳಿಂದ ಅರಿಯುವುದಕ್ಕೂ ಇದಕ್ಕೂ ನನಗೆ ಹೆಚ್ಚಿನ ಅಂತರ ಕಾಣುವುದಿಲ್ಲ.

ಇನ್ನು ಕೋಣೆಯ ಮೇಲಿನ ನನ್ನ ಮುಖ್ಯ ದೂರು. ಗಂಡುಮಕ್ಕಳ ವಿಭಾಗ ರಾತ್ರಿ 11ರವರೆಗೆ ತೆರೆದಿರುತ್ತದೆ; ಹೆಣ್ಣುಮಕ್ಕಳ ವಿಭಾಗಕ್ಕೆ ನಾನು ಸೇರಿದಾಗ 8 ಗಂಟೆಗೇ ಬೀಗ ಬೀಳುತ್ತಿತ್ತು. ಶುಲ್ಕ ಮಾತ್ರ ಇಬ್ಬರಿಗೂ ಒಂದೇ. ಅಫಜಲಪುರ, ಜೇವರ್ಗಿ, ಶಹಾಪುರದ ಹಳ್ಳಿಗಳಿಂದ ಬಂದು ಪಿಜಿಗಳಲ್ಲಿ ಇರುವ ಹುಡುಗಿಯರು ದಿನಕ್ಕೆ ಮೂರು ತಾಸಿನ ಓದನ್ನು ಕಳೆದುಕೊಳ್ಳುತ್ತಿದ್ದರು, ಒಂದು ವರ್ಷದಲ್ಲಿ ಅದು ಸಾವಿರ ತಾಸು ದಾಟುತ್ತದೆ. ರಷ್ಯದ ಕ್ಯಾಥರೀನ್ 1765ರಲ್ಲಿ ಹಣದ ಅಡಚಣೆಯಲ್ಲಿದ್ದ ಫ್ರೆಂಚ್ ಚಿಂತಕ ದಿದರೋನ ಪುಸ್ತಕ ಭಂಡಾರವನ್ನು 15,000 ಲಿವ್ರ್ ಕೊಟ್ಟು ಕೊಂಡು, ಪುಸ್ತಕಗಳನ್ನು ಅವನ ಮನೆಯಲ್ಲೇ ಬಿಟ್ಟು, ಅವುಗಳನ್ನು ಕಾಯಲು ಅವನಿಗೇ ಸಂಬಳವನ್ನೂ ಗೊತ್ತುಮಾಡಿದಳು. ಓದುವವರಿಗೆ ಪುಸ್ತಕವನ್ನೂ ವೇಳೆಯನ್ನೂ ಒಟ್ಟಿಗೆ ಕೊಡಬೇಕು ಎಂಬುದು ಆಕೆಗೆ ಗೊತ್ತಿತ್ತು. ಸುರಕ್ಷತೆಯ ಕಾರಣವನ್ನು ಕೋಣೆಯವರು ಹೇಳುತ್ತಾರೆ. ಹಾಗಾದರೆ ಗಲ್ಲಿಯ ಬಾಯಿಗೆ ಒಂದು ದೀಪವನ್ನು ಹಾಕಿಸಿ, ರಾತ್ರಿ ಪಾಳಿಗೆ ಒಬ್ಬ ಮೇಲ್ವಿಚಾರಕಿಯನ್ನು ನೇಮಿಸಬೇಕು. ಹುಡುಗಿಯರ ಹೊತ್ತನ್ನು ಕತ್ತರಿಸುವುದು ಅದಕ್ಕೆ ಪರಿಹಾರವಲ್ಲ. 23 ಮಂದಿ ಸಹಿ ಹಾಕಿದ ಅರ್ಜಿಯನ್ನು ನಾನೇ ಬರೆದು ಮಾಲೀಕರಿಗೆ ಕೊಟ್ಟೆ. ಅವರು ಕೋಪಿಸಿಕೊಳ್ಳದೆ ಓದಿದರು, ಮುಂದಿನ ತಿಂಗಳಿನಿಂದ ವೇಳೆಯನ್ನು 9ಕ್ಕೆ ವಿಸ್ತರಿಸಿದರು. ದೀಪವೂ ಬಂದಿದೆ.

ನಾನು ಇನ್ನೂ ಮೂರು ತಿಂಗಳಿಗೆ ಹಣ ಕಟ್ಟಿದ್ದೇನೆ. ಹಸ್ತಪ್ರತಿಯ ದೊಡ್ಡ ಕಡತಗಳನ್ನು ಇಳಿಸಿಕೊಳ್ಳುವವರು ವೈಫೈ ಬಿಡುವಾಗಿರುವ ಬೆಳಗಿನ 6ರಿಂದ 8ರ ನಡುವೆ ಬರುವುದು ಒಳ್ಳೆಯದು, ಸ್ವಂತ ಲ್ಯಾಪ್‌ಟಾಪ್ ಇದ್ದರೆ ತರಬೇಕು, ಅಲ್ಲಿನ ಎರಡು ಕಂಪ್ಯೂಟರುಗಳು ಪರೀಕ್ಷೆಯ ಅರ್ಜಿ ತುಂಬುವವರಿಗೇ ಸಾಲುವುದಿಲ್ಲ. ಮಹಿಳಾ ಮೇಲ್ವಿಚಾರಕಿ ಇನ್ನೂ ಬಂದಿಲ್ಲ. 11 ಗಂಟೆಯ ಬೇಡಿಕೆಯ ಎರಡನೆಯ ಅರ್ಜಿಗೆ ಈ ವಾರ ಸಹಿ ಪಡೆಯುತ್ತಿದ್ದೇವೆ, ಚಾಚಾ ಮೊದಲನೆಯ ಸಹಿಯನ್ನು ಉರ್ದುವಿನಲ್ಲಿ ಹಾಕಿದ್ದಾರೆ.